ಇದು ಯಾವ ದಿನದ ಕಾನೂನು?

(ಗ್ರಂಥಪಾಲಕರ ಒಂದು ಸಭೆಯಲ್ಲಿ ಮಾತಾಡಿದ್ದು. ಕೆಲವರು ಬರೆದು ಕೊಡಿ ಅಂದ್ರು ಅಂತ ಆಮೇಲೆ ಕೂತು ಬರೆದೆ. ಮಾತಾಡಿದ ಧಾಟಿಯನ್ನ ಹಾಗೇ ಬಿಟ್ಟಿದ್ದೀನಿ.)

ಎಲ್ಲರಿಗೂ ನಮಸ್ಕಾರ. ನಾನು 302 ಅನ್ನೋ ನಂಬರ್‌ನಿಂದ ಶುರು ಮಾಡ್ತೀನಿ. ಭಾರತದಲ್ಲಿ ಯಾರನ್ನ ಕೇಳಿದ್ರೂ 302 ಅಂದ್ರೆ ಕೊಲೆ ಕೇಸು ಅಂತಾರೆ, 420 ಅಂದ್ರಂತೂ ಅದು ಬೈಗುಳವೇ ಆಗ್ಹೋಗಿದೆ, 1860ರ ದಂಡ ಸಂಹಿತೆ ಜನರ ಬಾಯಲ್ಲಿ ಅಷ್ಟು ವರ್ಷ ಓಡಾಡಿ ಓಡಾಡಿ ಸೆಕ್ಷನ್ ನಂಬರ್‌ಗಳೇ ಮಾತಾಗ್ಬಿಟ್ವು. 2024ರ ಜುಲೈ 1ಕ್ಕೆ ಆ ಸಂಹಿತೆ ಹೋಗಿ ಭಾರತೀಯ ನ್ಯಾಯ ಸಂಹಿತೆ ಬಂತು. ಹೊಸದ್ರಲ್ಲಿ ಕೊಲೆಗೆ ಶಿಕ್ಷೆ ಇರೋದು 103ನೇ ಸೆಕ್ಷನ್‌ನಲ್ಲಿ, ಹಳೇ 420 ಹೋಗಿ ಕೂತಿರೋದು 318(4)ರಲ್ಲಿ, ಈಗ 302 ಅಂತ ತೆಗೆದ್ರೆ ಬೇಕು ಅಂತ್ಲೇ ಧಾರ್ಮಿಕ ಭಾವನೆ ನೋಯಿಸೋ ಮಾತಾಡೋದರ ಬಗ್ಗೆ ಬರತ್ತೆ. ಸರಿ, ಹಳೇದನ್ನ ತೆಗೆದು ಹೊಸದನ್ನ ಇಟ್ರೆ ಮುಗೀತಲ್ಲ ಅಂದ್ರೆ, ಮುಗಿಯಲ್ಲ. ಜೂನ್ 30ರ ರಾತ್ರಿ ನಡೆದ ಕೊಲೆಗೆ ಹಳೇ ಸಂಹಿತೆಯ 302ನೇ ಸೆಕ್ಷನ್ನೇ, ಆ ಕೇಸು ಇನ್ನೂ ಹತ್ತು ವರ್ಷ ನಡೆದ್ರೂ ಅದೇ.

ಈಗ ಒಬ್ರು ಲೈಬ್ರರಿಗೆ ಬಂದು 302 ತೋರ್ಸಿ ಅಂತಾರೆ. ನಾವು ತಿರುಗಿ ಕೇಳ್ಬೇಕಾದ ಪ್ರಶ್ನೆ ಒಂದೇ: ಯಾವ ದಿನದ್ದು? ಇದೇ ಪ್ರಶ್ನೆಯನ್ನ ನಾವು ಕೊಂಡ್ಕೊಳ್ಳೋ, ಅಥವಾ ಪುಕ್ಕಟೆ ಸಿಗತ್ತೆ ಅಂತ ನಮ್ಮ ಪೇಜಲ್ಲಿ ಲಿಂಕ್ ಹಾಕೋ ಪ್ರತಿ ಡೇಟಾಬೇಸ್‌ಗೂ ಕೇಳ್ಬೇಕು ಅನ್ನೋದಕ್ಕೇ ನಾನು ಇವತ್ತು ಇಲ್ಲಿ ನಿಂತಿರೋದು. ಎಷ್ಟು ಲಕ್ಷ ದಾಖಲೆ ಇದೆ, ಸರ್ಚ್ ಎಷ್ಟು ಫಾಸ್ಟು, ಸ್ಕ್ರೀನ್ ಎಷ್ಟು ಚೆನ್ನಾಗಿದೆ ಇದೆಲ್ಲ ಆಮೇಲೆ.

ಇದನ್ನ ನಾನು ಕಲ್ತಿದ್ದು ತಪ್ಪು ಮಾಡಿ. ಬಹಳ ವರ್ಷದ ಹಿಂದೆ, ನಾನು ರೆಫರೆನ್ಸ್ ಡೆಸ್ಕಲ್ಲಿದ್ದಾಗ, ಪಿಂಚಣಿ ವಿಷಯಕ್ಕೆ ಒಬ್ಬ ಹಿರಿಯರು ಬಂದ್ರು. ಒಂದು ಸೈಟಿಂದ ಆ ನಿಯಮ ತೆಗೆದು ಪ್ರಿಂಟ್ ಕೊಟ್ಟೆ, ಅವರು ಖುಷಿಯಾಗಿ ಹೋದ್ರು, ಅದರ ಆಧಾರದ ಮೇಲೆ ಅರ್ಜಿ ಬರೆದ್ರು, ವಾರ ಬಿಟ್ಟು ಅದೇ ಹಾಳೆ ಹಿಡ್ಕೊಂಡು ವಾಪಸ್ ಬಂದ್ರು. ಆ ನಿಯಮಕ್ಕೆ ತಿದ್ದುಪಡಿ ಆಗಿತ್ತು. ನಾನು ಕೊಟ್ಟಿದ್ದು ತಿದ್ದುಪಡಿಗೆ ಮುಂಚಿನ ಪಠ್ಯ. ಆ ಪೇಜಲ್ಲಿ ಮೇಲಿಂದ ಕೆಳಗೆ ಎಲ್ಲೂ "ಇಂಥ ತಾರೀಖಿನವರೆಗಿನ ತಿದ್ದುಪಡಿ ಸೇರಿದೆ" ಅಂತ ಒಂದು ಸಾಲೂ ಇರ್ಲಿಲ್ಲ, ಇದ್ದ ಒಂದೇ ತಾರೀಖು ಅಂದ್ರೆ ಕೆಳಗಡೆ ಪೇಜ್ ಅಪ್‌ಡೇಟ್ ಆದ ದಿನ, ಅದು ಅವತ್ತಿನದೇ ಆಗಿತ್ತು. ನಾನು ಅದನ್ನ ನೋಡಿ ಹೊಸದೇ ಅಂದ್ಕೊಂಡೆ. ಪೇಜ್ ಅಪ್‌ಡೇಟ್ ಆಗೋದು ಬೇರೆ, ಕಾನೂನಿನ ಪಠ್ಯ ಅಪ್‌ಡೇಟ್ ಆಗೋದು ಬೇರೆ. ಅವರು ನನ್ನ ಮೇಲೆ ರೇಗಲಿಲ್ಲ, ಸುಮ್ನೆ "ಇದು ಹಳೇದಂತೆ" ಅಂದ್ರು. ಅದು ಇವತ್ತಿಗೂ ನಂಗೆ ನೆನಪಿದೆ.

ಪುಸ್ತಕದ ಕಾಲದಲ್ಲಿ ಈ ತೊಂದ್ರೆ ಇರ್ಲಿಲ್ವಾ ಅಂದ್ರೆ ಇತ್ತು, ಆದ್ರೆ ಕಣ್ಣಿಗೆ ಕಾಣ್ತಿತ್ತು. ಕಾನೂನು ಪುಸ್ತಕದ ಮುಖಪುಟದಲ್ಲೇ ಇಂಥ ವರ್ಷದ ಆವೃತ್ತಿ ಅಂತ ಇರತ್ತೆ, ಹಳೇ ಹಾಳೆ ತೆಗೆದು ಹೊಸದು ಸೇರ್ಸೋ ಲೂಸ್‌ಲೀಫ್ ಪುಸ್ತಕ ಆದ್ರೆ ಯಾವ ಬಿಡುಗಡೆವರೆಗೆ ಹಾಳೆ ಸೇರ್ಸಿದೀವಿ ಅಂತ ಮುಂದೆ ಒಂದು ಪಟ್ಟಿ ಇರತ್ತೆ. ಸ್ಕ್ರೀನಿಗೆ ವಯಸ್ಸಾಗಲ್ಲ. ಹತ್ತು ವರ್ಷ ಹಳೇ ಪಠ್ಯವೂ ಇವತ್ತು ಬೆಳಗ್ಗೆ ಬರೆದ ಹಾಗೆ ಕಾಣತ್ತೆ, ಅದಕ್ಕೇ ಎಲೆಕ್ಟ್ರಾನಿಕ್ ಮೂಲದ ಹತ್ರ ತಾರೀಖನ್ನ ನಾವು ಬಾಯಿಬಿಟ್ಟು ಕೇಳ್ಬೇಕಾಗತ್ತೆ.

ಇದನ್ನ ಚೆನ್ನಾಗಿ ಮಾಡಿರೋರು ಇದ್ದಾರೆ. ಬ್ರಿಟನ್ನಿನ ಲೆಜಿಸ್ಲೇಷನ್ ಡಾಟ್ ಗವ್ ಡಾಟ್ ಯುಕೆ ನೋಡಿ, ಅಲ್ಲಿನ ನ್ಯಾಷನಲ್ ಆರ್ಕೈವ್ಸ್ ನಡೆಸೋದು, 2010ರಲ್ಲಿ ಶುರುವಾಯ್ತು. ಒಂದು ಕಾಯ್ದೆ ತೆಗೆದ್ರೆ ಸಂಸತ್ತು ಪಾಸ್ ಮಾಡಿದಾಗ ಇದ್ದ ರೂಪ ಬೇರೆ ಕೊಡ್ತಾರೆ, ಈಗಿನ ರೂಪ ಬೇರೆ, ಮಧ್ಯದ ತಾರೀಖುಗಳಲ್ಲಿ ಹೇಗಿತ್ತು ಅನ್ನೋದನ್ನೂ ಟೈಮ್‌ಲೈನ್ ಮೇಲೆ ಒತ್ತಿ ನೋಡ್ಬಹುದು, ಮುಖ್ಯ ಕಾಯ್ದೆಗಳಿಗೆ ಹೆಚ್ಚುಕಡಿಮೆ 1991ರ ಫೆಬ್ರವರಿಯಿಂದ ಈಚೆಗಿನ ರೂಪಗಳು ಹೀಗೆ ಸಿಗತ್ವೆ. ನಂಗೆ ಅದಕ್ಕಿಂತ ಇಷ್ಟ ಆಗೋದು ಇನ್ನೊಂದು. ಯಾವುದಾದ್ರೂ ತಿದ್ದುಪಡಿ ಬಂದಿದ್ದು ಇನ್ನೂ ಪಠ್ಯಕ್ಕೆ ಸೇರ್ಸಿಲ್ಲ ಅಂದ್ರೆ ಪೇಜಿನ ಮೇಲೇ ಒಂದು ಡಬ್ಬಿಯಲ್ಲಿ ಎಚ್ಚರಿಕೆ ಹಾಕಿರ್ತಾರೆ, ಇಂತಿಂಥ ಬದಲಾವಣೆ ಬಾಕಿ ಇದೆ ಅಂತ. ತನ್ನ ಕೆಲಸ ಎಲ್ಲಿವರೆಗೆ ಆಗಿದೆ, ಎಲ್ಲಿಂದ ಆಗಿಲ್ಲ ಅಂತ ತಾನೇ ಹೇಳೋ ಮೂಲ ನಂಗೆ ಬೇಕು. ಎಲ್ಲಾ ಪೂರ್ತಿ ಇದೆ ಅಂತ ಹೇಳೋ ಮೂಲದ ಮುಂದೆ ನಾನು ಜಾಸ್ತಿ ಹೊತ್ತು ಕೂರ್ತೀನಿ, ಪರೀಕ್ಷೆ ಮಾಡೋಕೆ.

ಎರಡನೇದು, ಇದನ್ನ ಹೇಳ್ತಿರೋರು ಯಾರು, ಅವರ ಮಾತು ಕೋರ್ಟಲ್ಲಿ ನಿಲ್ಲತ್ತಾ. ಸರ್ಕಾರಿ ವೆಬ್‌ಸೈಟ್ ಅಂದ ತಕ್ಷಣ ಅಧಿಕೃತ ಅಂತ ನಾವು ಅಂದ್ಕೊಳ್ತೀವಿ, ಹಾಗಿಲ್ಲ. ಯುರೋಪಿಯನ್ ಯೂನಿಯನ್ನಿನ ಕಾನೂನು ಸೈಟ್ ಯೂರ್‌ಲೆಕ್ಸ್ ಒಳ್ಳೇ ಪಾಠ. ಅಲ್ಲಿ ಎರಡು ಥರ ಪಠ್ಯ ಇದೆ. ಒಂದು ಅಧಿಕೃತ ಪತ್ರಿಕೆಯಲ್ಲಿ ಬಂದಿದ್ದು, 2013ರ ಜುಲೈ 1ರಿಂದ ಆ ಪತ್ರಿಕೆಯ ಎಲೆಕ್ಟ್ರಾನಿಕ್ ಪ್ರತಿಗೇ ಕಾನೂನಿನ ಬೆಲೆ, ಅಚ್ಚಾದ ಪ್ರತಿಗಲ್ಲ. ಇನ್ನೊಂದು ಮೂಲ ಕಾಯ್ದೆ, ಅದರ ತಿದ್ದುಪಡಿ ಎಲ್ಲಾ ಸೇರ್ಸಿ ಓದೋಕೆ ಅನುಕೂಲ ಆಗೋ ಹಾಗೆ ಹೊಂದಿಸಿ ಕೊಟ್ಟಿರೋ ಪಠ್ಯ, ಅದರ ಮೇಲೆ ಅವರೇ ಬರೆದಿದ್ದಾರೆ ಇದಕ್ಕೆ ಕಾನೂನಿನ ಪರಿಣಾಮ ಇಲ್ಲ, ದಾಖಲೆಗೆ ಮಾತ್ರ ಅಂತ. ಓದುಗರಿಗೆ ಅರ್ಥ ಮಾಡ್ಕೊಳ್ಳೋಕೆ ಬೇಕಾಗಿರೋದು ಎರಡನೇದು, ಕೋರ್ಟಿಗೆ ಹಾಕೋಕೆ ಬೇಕಾಗಿರೋದು ಮೊದಲನೇದು. ನಮ್ಮ ಲೈಬ್ರರಿಯಲ್ಲಿ ಎರಡಕ್ಕೂ ದಾರಿ ಇರ್ಬೇಕು, ಮತ್ತೆ ಕೊಡೋವಾಗ ಯಾವುದು ಯಾವುದು ಅಂತ ಬಾಯಿಬಿಟ್ಟು ಹೇಳ್ಬೇಕು. ಭಾರತದಲ್ಲೂ ಕೇಂದ್ರದ ಗೆಜೆಟ್ 2015ರ ಅಕ್ಟೋಬರ್‌ನಿಂದ ಅಚ್ಚು ನಿಲ್ಲಿಸಿ ಇ-ಗೆಜೆಟ್ ಆಯ್ತು, ಅಂದ್ರೆ ಅಲ್ಲಿಂದಾಚೆಗೆ ಕಪಾಟಲ್ಲಿ ಇಡೋಕೆ ಪತ್ರವೇ ಇಲ್ಲ, ಪಿಡಿಎಫ್ಫೇ ಮೂಲ.

ಪಿಡಿಎಫ್ಫೇ ಮೂಲ ಅಂದ್ಮೇಲೆ ಆ ಪಿಡಿಎಫ್‌ನ ಯಾರೂ ತಿದ್ದಿಲ್ಲ ಅಂತ ಹೇಗೆ ಗೊತ್ತಾಗ್ಬೇಕು? ಅಮೆರಿಕದ ಕಾನೂನು ಗ್ರಂಥಪಾಲಕರ ಸಂಘ 2007ರಲ್ಲಿ ಅಲ್ಲಿನ ರಾಜ್ಯ ರಾಜ್ಯದ ಆನ್‌ಲೈನ್ ಕಾನೂನುಗಳನ್ನ ಪರಿಶೀಲಿಸಿ ವರದಿ ಕೊಡ್ತು. ಎಷ್ಟೋ ರಾಜ್ಯಗಳು ಆನ್‌ಲೈನ್ ಪಠ್ಯಕ್ಕೆ ಅಧಿಕೃತ ಅಂತ ಹೆಸರಿಟ್ಟಿದ್ವು, ಆದ್ರೆ ಒಂದು ರಾಜ್ಯದ ಪಠ್ಯವೂ ತಿರುಚಿಲ್ಲ ಅಂತ ಖಾತ್ರಿ ಮಾಡ್ಕೊಳ್ಳೋ ವ್ಯವಸ್ಥೆ ಇಟ್ಟಿರ್ಲಿಲ್ಲ. ಆ ವರದಿಯ ನಂತರ 2011ರಲ್ಲಿ ಒಂದು ಮಾದರಿ ಕಾಯ್ದೆ ಬಂತು: ಸರ್ಕಾರ ಆನ್‌ಲೈನ್ ಪಠ್ಯವನ್ನ ಅಧಿಕೃತ ಅಂತ ಕರೆದ್ರೆ ಅದನ್ನ ದೃಢೀಕರಿಸ್ಬೇಕು, ಉಳಿಸ್ಬೇಕು, ಜನರಿಗೆ ಶಾಶ್ವತವಾಗಿ ಸಿಗೋ ಹಾಗೆ ಇಡ್ಬೇಕು ಅಂತ. ಅಷ್ಟರಲ್ಲಿ ಅಲ್ಲಿನ ಕೇಂದ್ರ ಸರ್ಕಾರದ ಮುದ್ರಣ ಕಚೇರಿ 2008ರಲ್ಲೇ ಬಜೆಟ್ ದಾಖಲೆಗೆ ಡಿಜಿಟಲ್ ಸಹಿ ಹಾಕೋಕೆ ಶುರು ಮಾಡಿತ್ತು. ನಮಗೆ ಇದರಿಂದ ತಗೋಬೇಕಾದ್ದು ಏನಂದ್ರೆ, ಇಂಥವರು ಬರೆದಿಟ್ಟಿದ್ದಾರೆ ಅನ್ನೋದಷ್ಟೇ ಸಾಲದು, ಡೌನ್‌ಲೋಡ್ ಮಾಡಿದ ಫೈಲ್ ಮೇಲೆ ಸಹಿ ಇದೆಯಾ, ಅದನ್ನ ಕ್ಲಿಕ್ ಮಾಡಿದ್ರೆ ಸರಿಯಾಗಿದೆ ಅಂತ ತೋರಿಸತ್ತಾ ಅಂತ ನಮ್ಮ ಸ್ಟಾಫ್‌ಗೆ ನೋಡೋಕೆ ಬರ್ಬೇಕು. ಅರ್ಧ ಗಂಟೆಯಲ್ಲಿ ಹೇಳ್ಕೊಡ್ಬಹುದು.

ಇನ್ನು ಮೂರನೇದು, ಇದ್ರ ಮೇಲೆ ನಾನು ಸ್ವಲ್ಪ ಜಾಸ್ತಿ ಹೊತ್ತು ನಿಲ್ತೀನಿ, ಯಾಕಂದ್ರೆ ದುಡ್ಡು ಎಲ್ಲಿ ಹಾಕ್ಬೇಕು ಅನ್ನೋದು ಇಲ್ಲೇ ತೀರ್ಮಾನ ಆಗೋದು. ಕಾಯ್ದೆಯ ಪಠ್ಯ ಸರಿಯಾಗಿದೆ, ಅಧಿಕೃತವಾಗಿದೆ, ತಾರೀಖೂ ಇದೆ, ಆದ್ರೂ ಅದು ಕಾನೂನಲ್ಲದೇ ಇರ್ಬಹುದು. ಮಾಹಿತಿ ತಂತ್ರಜ್ಞಾನ ಕಾಯ್ದೆಯ 66ಎ ಗೊತ್ತಲ್ಲ, ಆನ್‌ಲೈನಲ್ಲಿ ಆಕ್ಷೇಪಾರ್ಹ ಸಂದೇಶ ಕಳಿಸಿದ್ರೆ ಶಿಕ್ಷೆ ಅಂತಿದ್ದ ಸೆಕ್ಷನ್, 2015ರ ಮಾರ್ಚ್ 24ರಂದು ಶ್ರೇಯಾ ಸಿಂಘಾಲ್ ಕೇಸಲ್ಲಿ ಸುಪ್ರೀಂ ಕೋರ್ಟ್ ಅದನ್ನ ಪೂರ್ತಿ ರದ್ದು ಮಾಡ್ತು. ಆಮೇಲೂ ಪೊಲೀಸರು ಆ ಸೆಕ್ಷನ್ ಹಾಕಿ ಕೇಸು ದಾಖಲಿಸ್ತಾನೇ ಇದ್ರು. 2019ರಲ್ಲಿ ಕೋರ್ಟು ತೀರ್ಪಿನ ಪ್ರತಿಗಳನ್ನ ಎಲ್ಲಾ ಕಡೆ ಕಳಿಸಿ ಅಂತ ಹೇಳ್ಬೇಕಾಯ್ತು, 2022ರಲ್ಲಿ ಮತ್ತೆ ಇದರ ಕೆಳಗೆ ಯಾರ ಮೇಲೂ ಕೇಸು ನಡೆಸೋ ಹಾಗಿಲ್ಲ ಅಂತ ಆದೇಶ ಕೊಡ್ಬೇಕಾಯ್ತು. ಏಳು ವರ್ಷ! ಸತ್ತ ಸೆಕ್ಷನ್ ಪುಸ್ತಕದಲ್ಲಿ ಅಚ್ಚಾಗಿ ಕೂತಿತ್ತು ಅನ್ನೋದೂ ಇದಕ್ಕೆ ಒಂದು ಕಾರಣ ಅಂತ ನಂಗೆ ಖಂಡಿತ ಅನ್ಸತ್ತೆ. ಸಂಸತ್ತು ತೆಗೆದುಹಾಕಿದ್ರೆ ಪಠ್ಯದಿಂದ ಹೋಗತ್ತೆ, ಕೋರ್ಟು ರದ್ದು ಮಾಡಿದ್ರೆ ಪಠ್ಯ ಹಾಗೇ ಇರತ್ತೆ, ಯಾರಾದ್ರೂ ಪಕ್ಕದಲ್ಲಿ ಒಂದು ಟಿಪ್ಪಣಿ ಹಾಕ್ಬೇಕು ಅಷ್ಟೆ. ಆ ಟಿಪ್ಪಣಿ ಹಾಕೋರು ಯಾರು ಅನ್ನೋದೇ ಪ್ರಶ್ನೆ.

ಇದು ಹೊಸ ತಲೆನೋವಲ್ಲ. 1873ರಲ್ಲಿ ಅಮೆರಿಕದಲ್ಲಿ ಫ್ರಾಂಕ್ ಶೆಪರ್ಡ್ ಅನ್ನೋರು ಅಂಟಿನ ಚೀಟಿಗಳನ್ನ ಮಾರೋಕೆ ಶುರು ಮಾಡಿದ್ರು, ಈ ತೀರ್ಪನ್ನ ಆಮೇಲಿನ ಯಾವ ತೀರ್ಪು ಉಲ್ಲೇಖಿಸಿದೆ ಅಂತ ಅಚ್ಚು ಹಾಕಿದ ಚೀಟಿ, ವಕೀಲರು ಅದನ್ನ ತಮ್ಮ ಪುಸ್ತಕದ ಅಂಚಲ್ಲಿ ಅಂಟಿಸ್ಕೋತಿದ್ರು. ಅದೇ ಬೆಳೆದು ಸಂಪುಟಗಳಾಯ್ತು, ಲೆಕ್ಸಿಸ್ 1973ರಲ್ಲಿ, ವೆಸ್ಟ್‌ಲಾ 1975ರಲ್ಲಿ ಅಂತ ದುಡ್ಡು ಕೊಟ್ಟು ಹುಡುಕೋ ಕಾನೂನು ಡೇಟಾಬೇಸ್‌ಗಳು ಕಂಪ್ಯೂಟರ್‌ಗೆ ಬಂದ್ಮೇಲೆ ಅದೂ ಅಲ್ಲಿಗೆ ಹೋಯ್ತು, ಈಗ ತೀರ್ಪಿನ ಪಕ್ಕ ಎಚ್ಚರಿಕೆಗೆ ಕೆಂಪು ಬಾವುಟ, ಹಳದಿ ಬಾವುಟ ಅಂತ ತೋರಿಸ್ತಾರಲ್ಲ ಅದು ಆ ಅಂಟಿನ ಚೀಟಿಯ ವಂಶವೇ. ಈ ತೀರ್ಪು ಇವತ್ತೂ ನಿಂತಿದೆಯಾ, ಬಿದ್ದುಹೋಗಿದೆಯಾ ಅಂತ ಹೇಳೋ ಕೆಲಸಕ್ಕೆ ಓದಿ ತಿಳಿದ ಮನುಷ್ಯರು ಬೇಕು, ಅವರಿಗೆ ಸಂಬಳ ಕೊಡ್ಬೇಕು, ಅದಕ್ಕೇ ಅದು ದುಬಾರಿ.

ಹಾಗಾಗಿ ಸಬ್‌ಸ್ಕ್ರಿಪ್ಷನ್ ಮಾತುಕತೆಗೆ ಕೂತಾಗ ನಾನು ಮೊದಲು ವಿಂಗಡಿಸೋದು, ನಾನು ದುಡ್ಡು ಕೊಡ್ತಿರೋದು ಯಾವುದಕ್ಕೆ? ತೀರ್ಪಿನ ಪಠ್ಯಕ್ಕೆ ಆದ್ರೆ ಬೇಡ, ಅದು ಸಾರ್ವಜನಿಕರದ್ದು. ಭಾರತದ ಸುಪ್ರೀಂ ಕೋರ್ಟ್ ಈಸ್ಟರ್ನ್ ಬುಕ್ ಕಂಪನಿ ಮತ್ತು ಮೋದಕ್ ನಡುವಿನ ಕೇಸಲ್ಲಿ 2007ರ ಡಿಸೆಂಬರ್‌ನಲ್ಲಿ ಇದನ್ನ ಬಿಡಿಸಿ ಹೇಳಿದೆ, ತೀರ್ಪಿನ ಮೂಲ ಪಠ್ಯದ ಮೇಲೆ ಪ್ರಕಾಶಕರಿಗೆ ಹಕ್ಕಿಲ್ಲ, ತೀರ್ಪಿನ ಮೇಲೆ ಸಂಪಾದಕರು ಬರೆದ ಸಾರಾಂಶ ಅಂದ್ರೆ ಹೆಡ್‌ನೋಟ್, ಅವರು ಮಾಡಿದ ಪ್ಯಾರಾ ವಿಂಗಡಣೆ ಇಂಥದ್ದಕ್ಕೆ ಇದೆ ಅಂತ. 2020ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟು ಜಾರ್ಜಿಯಾ ರಾಜ್ಯದ ಕೇಸಲ್ಲಿ 5-4ರ ಬಹುಮತದಲ್ಲಿ ಇನ್ನೂ ಮುಂದೆ ಹೋಯ್ತು, ಶಾಸಕಾಂಗ ತನ್ನ ಅಧಿಕೃತ ಸಂಹಿತೆಗೆ ಹಾಕಿಸಿದ ಟಿಪ್ಪಣಿಗಳ ಮೇಲೂ ರಾಜ್ಯಕ್ಕೆ ಕಾಪಿರೈಟ್ ಇಲ್ಲ ಅಂತು. ಅಂದ್ರೆ ದುಡ್ಡು ಕೊಡೋದು ಪಠ್ಯಕ್ಕಲ್ಲ, ಪಠ್ಯದ ಸುತ್ತ ಮಾಡಿರೋ ಕೆಲಸಕ್ಕೆ. ಆ ಕೆಲಸ ನಿಜವಾಗ್ಲೂ ನಡೀತಿದ್ಯಾ ಅಂತ ಹೇಗೆ ನೋಡೋದು? ರದ್ದಾಗಿರೋ ಒಂದು ಸೆಕ್ಷನ್, ಮೇಲಿನ ಕೋರ್ಟಲ್ಲಿ ಬಿದ್ದುಹೋಗಿರೋ ಒಂದು ತೀರ್ಪು, ಕಳೆದ ತಿಂಗಳು ಬಂದ ಒಂದು ಅಧಿಸೂಚನೆ, ಈ ಮೂರನ್ನ, ಕೊಳ್ಳೋ ಮುಂಚೆ ನೋಡೋಕೆ ಕೊಡೋ ಟ್ರಯಲ್ ಸಿಕ್ಕಿದ ಮೊದಲ ದಿನವೇ ಹುಡುಕಿ. 66ಎ ಪಕ್ಕದಲ್ಲಿ ರದ್ದಾಗಿದೆ ಅಂತ ಇಲ್ಲ ಅಂದ್ರೆ ಆ ಮೂಲಕ್ಕೆ ದುಡ್ಡು ಕೊಡ್ಬೇಡಿ.

ಪುಕ್ಕಟೆ ಮೂಲಗಳ ಬಗ್ಗೆ ನಂಗೆ ಬಹಳ ಗೌರವ ಇದೆ. 1992ರಲ್ಲಿ ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದಲ್ಲಿ ಕಾನೂನನ್ನ ಪುಕ್ಕಟೆ ಆನ್‌ಲೈನ್ ಕೊಡೋ ಲೀಗಲ್ ಇನ್ಫರ್ಮೇಷನ್ ಇನ್‌ಸ್ಟಿಟ್ಯೂಟ್ ಶುರುವಾಯ್ತು, ಅದೇ ಥರ 1995ರಲ್ಲಿ ಆಸ್ಟ್ರೇಲಿಯಾದ ಆಸ್ಟ್‌ಲಿ, 2000ದಲ್ಲಿ ಬ್ರಿಟನ್ ಮತ್ತು ಐರ್ಲೆಂಡಿನ ಬೈಲಿ, ಆಮೇಲೆ ಕೆನಡಾದ ಕ್ಯಾನ್‌ಲಿ, ಇವರೆಲ್ಲ 2002ರಲ್ಲಿ ಮಾಂಟ್ರಿಯಲ್‌ನಲ್ಲಿ ಒಂದು ಘೋಷಣೆ ಮಾಡಿದ್ರು, ಸಾರ್ವಜನಿಕ ಕಾನೂನು ಮಾಹಿತಿ ಮನುಕುಲದ ಸಾಮಾನ್ಯ ಆಸ್ತಿ ಅಂತ. ಭಾರತದಲ್ಲಿ ಇಂಡಿಯನ್ ಕಾನೂನ್ ಅನ್ನೋ ಸೈಟ್ ಇದೆ, 2023ರ ಜನವರಿಯಲ್ಲಿ ಸುಪ್ರೀಂ ಕೋರ್ಟೇ ಸುಮಾರು 34,000 ತೀರ್ಪುಗಳನ್ನ ತನ್ನ ಅಧಿಕೃತ ವರದಿಯ ರೂಪದಲ್ಲೇ ಪುಕ್ಕಟೆ ಹುಡುಕೋ ಹಾಗೆ ಮಾಡ್ತು. ಇದಕ್ಕೆ ವಿರುದ್ಧವಾಗಿ ಅಮೆರಿಕದ ಕೇಂದ್ರ ಕೋರ್ಟುಗಳ ದಾಖಲೆ ಸಿಗೋ ಪೇಸರ್ ಸೈಟ್ ನೋಡಿ, ಸರ್ಕಾರದ್ದೇ, ಆದ್ರೆ ಪುಟಕ್ಕೆ 10 ಸೆಂಟ್, ಒಂದು ದಾಖಲೆಗೆ ಗರಿಷ್ಠ 3 ಡಾಲರ್. ಸರ್ಕಾರಿ ಅಂದ್ರೆ ಪುಕ್ಕಟೆ ಅಲ್ಲ, ಪುಕ್ಕಟೆ ಅಂದ್ರೆ ಕಳಪೆ ಅಲ್ಲ. ಪುಕ್ಕಟೆ ಮೂಲವನ್ನ ಆರಿಸೋವಾಗ ನಾನು ಕೇಳೋದು, ಇದನ್ನ ಯಾರು ಸಾಕ್ತಿದ್ದಾರೆ, ನಾಳೆ ಅವರ ಅನುದಾನ ನಿಂತ್ರೆ ಏನು. ಅಷ್ಟೇ ಶ್ರದ್ಧೆಯಿಂದ ಆರಿಸ್ಬೇಕು ಅದನ್ನೂ, ದುಡ್ಡು ಕೊಟ್ಟಿಲ್ಲ ಅಂತ ಪರೀಕ್ಷೆ ಮಾಡದೇ ಲಿಂಕ್ ಹಾಕಿದ್ರೆ ಆ ಪಿಂಚಣಿಯ ಹಾಳೆ ಥರ ಆಗತ್ತೆ.

ನಾಳೆ ಇರತ್ತಾ ಅನ್ನೋದಕ್ಕೆ ಬರ್ತೀನಿ. ಹಾರ್ವರ್ಡ್‌ನವರು ಸುಮಾರು 2013ರಲ್ಲಿ ಲೆಕ್ಕ ಹಾಕಿದ್ರು, ಅಮೆರಿಕದ ಸುಪ್ರೀಂ ಕೋರ್ಟ್ ತೀರ್ಪುಗಳಲ್ಲಿ ಕೊಟ್ಟಿರೋ ವೆಬ್ ಲಿಂಕ್‌ಗಳಲ್ಲಿ ಅರ್ಧದಷ್ಟು ಒತ್ತಿದ್ರೆ ಮೂಲದಲ್ಲಿ ಹೇಳಿದ ಮಾಹಿತಿ ಸಿಗ್ತಿರ್ಲಿಲ್ಲ, ಅವರದೇ ಲಾ ರಿವ್ಯೂ ಥರದ ಪತ್ರಿಕೆಗಳಲ್ಲಿ 70 ಶೇಕಡಾಕ್ಕಿಂತ ಜಾಸ್ತಿ. ದೇಶದ ಅತಿ ದೊಡ್ಡ ಕೋರ್ಟು ಈ ಆಧಾರದ ಮೇಲೆ ಹೇಳ್ತಿದ್ದೀನಿ ಅಂತ ತೋರಿಸಿದ ಆಧಾರವೇ ಇಲ್ಲ. ಅದಕ್ಕೇ ಅವರು ಲೈಬ್ರರಿಗಳ ಜೊತೆ ಸೇರಿ ಪರ್ಮಾ ಅನ್ನೋ ಸೇವೆ ಮಾಡಿದ್ರು, ಉಲ್ಲೇಖಿಸೋ ಪೇಜಿನ ಪ್ರತಿ ತೆಗೆದು ಇಟ್ಬಿಡೋದು. ಸರ್ಕಾರಿ ಸೈಟುಗಳು ವಿಳಾಸ ಬದಲಾಯಿಸೋದೂ ಕಮ್ಮಿಯಿಲ್ಲ, ಅಮೆರಿಕದ ಸರ್ಕಾರಿ ಮುದ್ರಣ ಕಚೇರಿಯ ಒಂದೇ ಸಂಗ್ರಹ 1994ರಿಂದ ಜಿಪಿಓ ಆಕ್ಸೆಸ್, ಎಫ್‌ಡಿಸಿಸ್, ಈಗ ಗವ್‌ಇನ್ಫೋ ಅಂತ ಮೂರು ಮನೆ ಬದಲಾಯಿಸಿದೆ. ಅಷ್ಟಾದ್ರೂ ಅವರು ಜವಾಬ್ದಾರಿಯಿಂದ ಮಾಡಿದ್ರು, 2018ರಲ್ಲಿ ನಂಬಿಕಸ್ಥ ಡಿಜಿಟಲ್ ಭಂಡಾರ ಅನ್ನೋ ಐಎಸ್‌ಓ ಪ್ರಮಾಣಪತ್ರವೂ ಸಿಕ್ತು.

ನೆನಪಿಡಿ, ಅದೇ ದೇಶದಲ್ಲಿ 1813ರಿಂದ ಸರ್ಕಾರಿ ದಾಖಲೆಯ ಪ್ರತಿಗಳನ್ನ ಊರೂರಿನ ಲೈಬ್ರರಿಗೆ ಹಂಚೋ ಪದ್ಧತಿ ಇತ್ತು. ಒಂದು ಕಡೆ ಬೆಂಕಿ ಬಿದ್ರೂ, ಒಂದು ಕಡೆ ಯಾರೋ ಬೇಡದ ಪುಟ ಹರಿದ್ರೂ ನೂರು ಕಡೆ ಉಳೀತಿತ್ತು. ಈಗ ಒಂದು ಸರ್ವರ್, ಒಂದು ಪ್ರತಿ, ಅದನ್ನ ಬದಲಾಯಿಸೋ ಅಧಿಕಾರ ಇರೋದು ದಾಖಲೆ ಹೊರಡಿಸಿದವರ ಕೈಲೇ. ಇದು ನಂಗೆ ನಿಜವಾಗ್ಲೂ ಆತಂಕದ ವಿಷಯ. ಸ್ಟ್ಯಾನ್‌ಫರ್ಡ್‌ನ ಲಾಕ್ಸ್ ಯೋಜನೆ ಹಳೇ ಬುದ್ಧಿಯನ್ನೇ ಕಂಪ್ಯೂಟರ್‌ಗೆ ತಂದಿರೋದು, ಬೇರೆ ಬೇರೆ ಲೈಬ್ರರಿಯ ಯಂತ್ರಗಳಲ್ಲಿ ಪ್ರತಿ ಇಟ್ಟು ಒಂದಕ್ಕೊಂದು ತಾಳೆ ನೋಡ್ಕೊಳ್ಳೋದು. 2008ರಿಂದ ಅಲ್ಲಿ ಪ್ರತಿ ಅಧ್ಯಕ್ಷರ ಅವಧಿ ಮುಗಿಯೋವಾಗ ಸರ್ಕಾರಿ ಸೈಟುಗಳನ್ನ ಹಿಡಿದಿಡೋ ಕೆಲಸವನ್ನೂ ಲೈಬ್ರರಿಗಳು, ಆರ್ಕೈವ್‌ಗಳು ಸೇರಿ ಮಾಡ್ತಾ ಬಂದಿವೆ.

ದುಡ್ಡು ಕೊಟ್ಟ ಮೂಲವೂ ಹೋಗತ್ತೆ. ನಾನು ಹಿಂದೆ ಕೆಲಸ ಮಾಡ್ತಿದ್ದ ಕಡೆ ಡೇಟಾಬೇಸಲ್ಲಿ ಎಲ್ಲಾ ಇದೆ ಅಂತ ಒಂದು ವರದಿ ಸರಣಿಯ ಅಚ್ಚು ಪ್ರತಿ ನಿಲ್ಲಿಸಿದ್ವಿ, ಎರಡು ವರ್ಷ ಆದ್ಮೇಲೆ ಕಂಪನಿಯವರು ಆ ಸರಣಿಯನ್ನ ಬೇರೆ ಪ್ಯಾಕೇಜಿಗೆ ಸಾಗಿಸಿದ್ರು, ನಮ್ಮ ಹತ್ರ ದುಡ್ಡು ಇರ್ಲಿಲ್ಲ, ಆ ಎರಡು ವರ್ಷದ ಸಂಪುಟ ಅಚ್ಚಲ್ಲೂ ಇಲ್ಲ ಸ್ಕ್ರೀನಲ್ಲೂ ಇಲ್ಲ. ಅವತ್ತಿಂದ ಲೈಸೆನ್ಸನ್ನ ನಾನು ಸಾಲು ಸಾಲು ಓದ್ತೀನಿ. ಚಂದಾ ನಿಲ್ಲಿಸಿದ ಮೇಲೆ ದುಡ್ಡು ಕೊಟ್ಟ ವರ್ಷಗಳದ್ದು ನಮಗೆ ಉಳಿಯತ್ತಾ, ಯಾವ ರೂಪದಲ್ಲಿ? ಸದಸ್ಯರಲ್ಲದವರು ಲೈಬ್ರರಿಗೆ ನಡ್ಕೊಂಡು ಬಂದು ಕೂತು ನೋಡ್ಬಹುದಾ? ಕಾನೂನು ಬೇಕಾಗಿ ಬರೋರಲ್ಲಿ ಅರ್ಧ ಜನ ಸದಸ್ಯರಲ್ಲ, ಕಷ್ಟ ಬಂದಾಗ ಬಾಗಿಲು ತಟ್ಟೋರು, ಈ ಒಂದು ಸಾಲು ಲೈಸೆನ್ಸಲ್ಲಿ ಇಲ್ಲ ಅಂದ್ರೆ ಅವರನ್ನ ವಾಪಸ್ ಕಳಿಸ್ಬೇಕಾಗತ್ತೆ. ಹಾಗೇ ಹುಡುಕೋಕೆ ಸ್ವಂತ ಹೆಸರಲ್ಲಿ ಲಾಗಿನ್ ಆಗ್ಲೇಬೇಕಾ ಅಂತ ನೋಡಿ, ವಿಚ್ಛೇದನ, ಜಾಮೀನು ಅಂತ ಒಬ್ಬರು ಹುಡುಕಿದ್ದು ಅವರ ಹೆಸರಿನ ಜೊತೆ ಎಲ್ಲೋ ಕೂರೋದು ಸರಿಯಲ್ಲ.

ಸ್ಕ್ಯಾನ್ ಆದ ಪಿಡಿಎಫ್‌ಗಳ ಬಗ್ಗೆ ಎರಡು ಮಾತು. ಅಕ್ಷರ ಗುರುತಿಸದೇ ಬರೀ ಚಿತ್ರವಾಗಿ ಹಾಕಿದ್ರೆ ಸರ್ಚಲ್ಲಿ ಬರಲ್ಲ, ಕಣ್ಣು ಕಾಣದವರ ಸ್ಕ್ರೀನ್ ರೀಡರ್ ಅದನ್ನ ಓದಲ್ಲ. ಟ್ರಯಲ್‌ನಲ್ಲಿ ಒಂದು ಹಳೇ ದಾಖಲೆ ತೆಗೆದು ಒಂದು ಸಾಲು ಕಾಪಿ ಮಾಡಿ ನೋಡಿ, ಗೊತ್ತಾಗ್ಬಿಡತ್ತೆ.

ಪ್ರಶ್ನೆ ಕೇಳೋ ಹೊತ್ತಲ್ಲಿ ಒಬ್ಬ ಕಿರಿಯ ಸಹೋದ್ಯೋಗಿ ಕೇಳಿದ್ರು, ಮೇಡಂ, ಈಗ ಎಐಗೆ ಕೇಳಿದ್ರೆ ಸೆಕ್ಷನ್ ಸಮೇತ ಹೇಳತ್ತಲ್ಲ, ಇಷ್ಟೆಲ್ಲ ಯಾಕೆ ಅಂತ. 2023ರಲ್ಲಿ ನ್ಯೂಯಾರ್ಕಿನಲ್ಲಿ ಅವಿಯಾಂಕಾ ವಿಮಾನ ಕಂಪನಿ ಮೇಲಿನ ಕೇಸಲ್ಲಿ ವಕೀಲರು ಚಾಟ್‌ಜಿಪಿಟಿ ಕೊಟ್ಟ ತೀರ್ಪುಗಳನ್ನ ಕೋರ್ಟಿಗೆ ಹಾಕಿದ್ರು, ಆ ತೀರ್ಪುಗಳು ಇರ್ಲೇ ಇಲ್ಲ, 5,000 ಡಾಲರ್ ದಂಡ ಬಿತ್ತು. ಡೇಟಾಬೇಸ್ ಕಂಪನಿಗಳು ಈಗ ತಮ್ಮದರಲ್ಲೂ ಎಐ ಸೇರ್ಸಿ ಮಾರ್ತಿದ್ದಾರೆ, ಅದನ್ನ ತಗೋಬೇಡಿ ಅಂತ ನಾನು ಹೇಳಲ್ಲ. ಅದು ಕೊಟ್ಟ ಉತ್ತರದ ಪ್ರತಿ ವಾಕ್ಯಕ್ಕೂ ಮೂಲ ದಾಖಲೆ ತೆರೆಯೋ ಲಿಂಕ್ ಇದೆಯಾ, ಆ ದಾಖಲೆಯ ಮೇಲೆ ತಾರೀಖಿದೆಯಾ ಅಂತ ನೋಡಿ. ಅದಕ್ಕೂ ಅದೇ 302ರ ಪ್ರಶ್ನೆ ಹಾಕಿ, ತಾರೀಖು ಹೇಳದೇ. ಯಾವ ದಿನ ನಡೆದದ್ದು ಅಂತ ಅದು ತಿರುಗಿ ಕೇಳಿದ್ರೆ, ಅಥವಾ ಎರಡೂ ಸಂಹಿತೆಯನ್ನ ತೋರ್ಸಿ ಜುಲೈ 1ರ ಗೆರೆ ಎಳೆದ್ರೆ, ಆಗ ಬೆಲೆಯ ಮಾತಿಗೆ ಕೂತ್ಕೊಳ್ಳಿ.

ಇನ್ನೊಬ್ರು ಕೇಳಿದ್ದು, ಹಾಗಾದ್ರೆ ಹಳೇ ಕಾನೂನು ಪುಸ್ತಕಗಳನ್ನ ಏನು ಮಾಡೋಣ, ಜಾಗ ಇಲ್ಲ ಅಂತ. ನಾನು ಹೇಳಿದ್ದು, ತೀರ್ಪಿನ ವರದಿಗಳು ಎರಡು ಕಡೆ ಡಿಜಿಟಲ್ ಆಗಿ ಸಿಗ್ತಿದ್ರೆ, ಅದ್ರಲ್ಲಿ ಒಂದು ಕೋರ್ಟಿನದ್ದೇ ಆಗಿದ್ರೆ, ಬಿಟ್ಕೊಡಿ. ಆದ್ರೆ ಕಾಯ್ದೆ ನಿಯಮಗಳ ಹಳೇ ಆವೃತ್ತಿಗಳನ್ನ, ಇಂಥ ವರ್ಷದವರೆಗೆ ತಿದ್ದುಪಡಿಯಾದದ್ದು ಅಂತ ಮುಖಪುಟದ ಮೇಲೆ ಇರೋದನ್ನ, ಕೈ ಹಾಕೋ ಮೊದಲು ಆ ವರ್ಷದ ರೂಪ ಆನ್‌ಲೈನಲ್ಲಿ ಎಲ್ಲಾದ್ರೂ ಇದೆಯಾ ಅಂತ ಹುಡುಕಿ. ಎಷ್ಟೋ ಸಲ ಇರಲ್ಲ. 1990ರಲ್ಲಿ ಆದ ಜಮೀನಿನ ವ್ಯವಹಾರಕ್ಕೆ 1990ರ ಕಾನೂನು ಬೇಕಾಗಿ ಯಾರಾದ್ರೂ ಬಂದಾಗ, ಧೂಳು ಹಿಡಿದ ಆ ಒಂದು ಪುಸ್ತಕವೇ ಉತ್ತರ ಕೊಡೋದು.